ದುರ್ಗಕ್ಕನ ಹನ್ನೆರಡು ಪದಗಳು

ದುರ್ಗಕ್ಕನ ದನಿಯನ್ನು ದುರ್ಗಕ್ಕನೇ ಅಳಿಸಿದಳೆಂದು ಕಂಪ್ಲಿಯ ನಾಟಿ ಗುಂಪೆಲ್ಲ ನಂಬಿತ್ತು. ಹಾಗೆ ನಂಬುವಂತೆ ಮಾಡಿದವಳು ನಾನೇ.

ಹೊಸಪೇಟೆಯಲ್ಲಿ ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ಪಂಪೇಶನೂ ಕೂಲಿ ಹೆಂಗಸರಿಗಾಗಿ ಒಂದು ಆ್ಯಪ್ ಕಟ್ಟಿದ್ದೆವು. ಓದು ಬರಹ ಬೇಡ, ಬಾಯಲ್ಲಿ ಹೇಳಿದರೆ ಸಾಕು. ನಾಳೆ ಯಾರ ಗದ್ದೆಗೆ ಹೋಗಬೇಕು, ಕೂಲಿ ಎಷ್ಟು ಎಂಬುದು ಮಲಪನಗುಡಿಯಿಂದ ಕಂಪ್ಲಿವರೆಗೆ ಎಲ್ಲರಿಗೂ ಕೇಳುತ್ತಿತ್ತು. ಯಾವ ಕಂಪನಿಯ ಸ್ವತ್ತೂ ಅಲ್ಲದ, ಹತ್ತಾರು ಸರ್ವರುಗಳಲ್ಲಿ ಹರಡಿಕೊಂಡ ಜಾಲದ ಮೇಲೆ ಅದು ನಿಂತಿತ್ತು. ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಪ್ರತಿಯೊಬ್ಬರಿಗೂ ಹನ್ನೆರಡು ಪದಗಳ ಒಂದು ಗುಟ್ಟಿನ ಕೀಲಿ. ಅದಿಲ್ಲದೆ ನಿಮ್ಮ ಮಾತನ್ನು ಗದ್ದೆಯ ಮಾಲೀಕನಾಗಲಿ, ಪೊಲೀಸರಾಗಲಿ, ಕಡೆಗೆ ನಾವಾಗಲಿ ಅಳಿಸಲಾರೆವು ಎಂದು ಕಾಲುವೆ ದಂಡೆಯ ಮೇಲೆ ನಿಂತು ಗಂಟಲು ಹರಿದುಕೊಂಡಿದ್ದೆ.

ಕೀಲಿಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಬೇರೆಯವರಿಗೆ ಕೊಡಬೇಡಿ ಎಂದೂ ಹೇಳಿದ್ದೆ. ಗುಂಪಿನ ಹಿರಿಯಳಾದ ದುರ್ಗಕ್ಕ ನಕ್ಕು, ಮನೆಯಲ್ಲಿ ಇಲಿ ಕಾಟ, ಚೀಟಿ ನೀನೇ ಇಟ್ಟುಕೋ, ನೀನೇನು ಬೇರೆಯವಳೇ ಎಂದಳು. ಆ ಮಾತಿಗೆ ನಾನು ಉಬ್ಬಿಹೋದೆ. ಉಳಿದವರೂ ತಂದುಕೊಟ್ಟರು. ಒಬ್ಬೊಬ್ಬರಿಗೆ ಒಂದು ಹಾಳೆಯಂತೆ ನೋಟ್‌ಬುಕ್ಕಿನಲ್ಲಿ ಬರೆದು ಕೋಣೆಯ ಕಪಾಟಿನಲ್ಲಿಟ್ಟೆ. ಕಪಾಟಿಗೆ ಬೀಗವಿರಲಿಲ್ಲ. ಪಂಪೇಶನಿಂದ ಬಚ್ಚಿಡುವುದೇನಿತ್ತು?

ನಮಗೆ ನೆರವಾಗಿದ್ದ ಹೊರದೇಶದ ಸಂಸ್ಥೆ ಈ ವರ್ಷ ಕೈಬಿಟ್ಟಿತು. ಪಂಪೇಶ ಮೂರು ತಿಂಗಳು ಅಲೆದು, ಒಂದು ದಿನ ಪೇಡೆ ತಂದು, ಹೊಸ ದಾನಿ ಸಿಕ್ಕರು ಎಂದ. ದೊಡ್ಡ ದೊಡ್ಡ ಗದ್ದೆಗಳಿಗೆ ಆಳು ಪೂರೈಸುವ ಕಂಪನಿಯಂತೆ. ಷರತ್ತೇನಾದರೂ ಇದೆಯೇ ಎಂದು ಕೇಳಿದೆ. ಇಲ್ಲವೆಂದ. ನಾನೂ ಪೇಡೆ ತಿಂದೆ.

ಆ ವಾರವೇ ದುರ್ಗಕ್ಕ, ಹೋದ ವರ್ಷದ ಕೂಲಿಗೆ ಯಾರೂ ಗದ್ದೆಗೆ ಇಳಿಯಬೇಡಿ ಎಂದು ಆ್ಯಪಿನಲ್ಲಿ ಹೇಳಿದ್ದಳು. ಭಾನುವಾರ ರಾತ್ರಿಯವರೆಗೂ ಇದ್ದ ಆ ಮಾತು ಸೋಮವಾರ ಬೆಳಿಗ್ಗೆ ಅಲ್ಲಿರಲಿಲ್ಲ. ಅವಳೇ ಹಿಂದೆ ಸರಿದಳೆಂದುಕೊಂಡು ಅರ್ಧ ಗುಂಪು ಹಳೇ ಕೂಲಿಗೇ ಇಳಿಯಿತು. ಕೀಲಿಯಿಲ್ಲದೆ ಯಾರೂ ಅಳಿಸಲಾರರೆಂದು ನಾನೇ ಹೇಳಿದ್ದೆನಲ್ಲ; ದುರ್ಗಕ್ಕ ಮಾಲೀಕರಿಂದ ಕೈ ಬೆಚ್ಚಗೆ ಮಾಡಿಕೊಂಡಳೆಂದು ಸುದ್ದಿ ಹಬ್ಬಿತು. ಇಪ್ಪತ್ತು ವರ್ಷ ಜೊತೆಗೆ ನಾಟಿ ಮಾಡಿದವರು ಬುತ್ತಿ ಬಿಚ್ಚುವಾಗ ಅವಳಿಂದ ದೂರ ಕೂತರು.

ಅಳಿಸಿದ್ದು ಅವಳಲ್ಲವೆಂದು ನನಗೆ ಗೊತ್ತಿತ್ತು. ಒಡೆದ ಗಾಜು ಹಾಕಿಸಲೆಂದು ಅವಳ ಫೋನು ಶನಿವಾರದಿಂದ ನನ್ನ ಚೀಲದಲ್ಲೇ ಇತ್ತು.

ಅವಳ ಕೀಲಿ ಇದ್ದದ್ದು ನಮ್ಮ ಕಪಾಟಿನಲ್ಲಿ ಮಾತ್ರ. ಕೇಳಿದರೆ ಪಂಪೇಶ ಅಲ್ಲಗಳೆಯಲೂ ಇಲ್ಲ.

"ಕಂಪನಿಯವ್ರು ಹೇಳಿದ ಒಂದ ಮಾತು ಅಳಿಸಿದ್ರ ಎರಡ ವರ್ಷ ಆ್ಯಪ್ ನಡಿತೈತಿ, ರೇಣುಕಾ. ಸರ್ವರ್ ಕೆಟ್ಟಿತ್ತು ಅಂತ ಹೇಳಿಬಿಡು, ಮುಗೀತು."

ಆರು ವರ್ಷ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದ ಬಾಯಿ ಅದು. ಮೈಯೆಲ್ಲ ಉರಿಯಿತು. ಉರಿಯುತ್ತಲೇ, ನಾಚಿಕೆಗೇಡಿ ನಾನು, ಕಂಪ್ಲಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ನಿಜ ಹೇಳಿದರೆ ಆ್ಯಪನ್ನು ಇನ್ನು ಯಾರೂ ಮುಟ್ಟುವುದಿಲ್ಲ. ಸುಳ್ಳು ಹೇಳಿದರೆ ಅರ್ಧ ಜನ ನಂಬುತ್ತಾರೆ, ಉಳಿದ ಅರ್ಧಕ್ಕೆ ದುರ್ಗಕ್ಕ ದ್ರೋಹಿಯಾಗಿಯೇ ಉಳಿಯುತ್ತಾಳೆ.

ಕಾಲುವೆ ದಂಡೆಯಲ್ಲಿ ಊಟಕ್ಕೆ ಕೂತಿದ್ದವರ ಮುಂದೆ ನೋಟ್‌ಬುಕ್ ಇಟ್ಟು ಎಲ್ಲವನ್ನೂ ಹೇಳಿದೆ. ಕೀಲಿಗಳಿದ್ದದ್ದು ಬೀಗವಿಲ್ಲದ ಕಪಾಟಿನಲ್ಲಿ, ಅಳಿಸಿದವನು ಪಂಪೇಶ, ಅವನ್ನು ನಿಮ್ಮಿಂದ ಇಸಿದುಕೊಂಡ ತಪ್ಪು ನನ್ನದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುದುಕಿ ವಿರುಪಮ್ಮ ಎದ್ದು ಹೋಗಿ ದುರ್ಗಕ್ಕನ ಪಕ್ಕ ಕೂತು, ಅವಳ ರೊಟ್ಟಿಯ ಮೇಲೆ ಚಟ್ನಿ ಹಾಕಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದು ತಮ್ಮ ಹಾಳೆ ಯಾವುದೆಂದು ಕೇಳಿ, ಹರಿದು ಕಾಲುವೆಗೆ ಬಿಟ್ಟರು. ಹೊಸ ಕೀಲಿ ಮಾಡಿಕೊಡುತ್ತೇನೆಂದರೆ ಬೇಡವೆಂದರು.

ದುರ್ಗಕ್ಕ ಮಾತ್ರ ಫೋನು ಕೊಡು ಎಂದಳು. ಹೊಸ ಕೀಲಿ ಮಾಡಿ ಅವಳ ಕೈಗಿಟ್ಟೆ. ಹೊಸ ಗಾಜಿನ ಮೇಲೆ ಹನ್ನೆರಡು ಪದಗಳು ಮೂಡಿದವು. ಅವಳು ಅವುಗಳ ಮೇಲೆ ಬೆರಳಾಡಿಸಿದಳು.

"ಇವನ್ನ ಓದಾಕ ಬರಲ್ಲ, ಬರಿಯಾಕ ಬರಲ್ಲ. ಅದಕ್ಕ ನಿನ್ನ ಕೈಯಾಗ ಕೊಟ್ಟಿದ್ದೆ, ತಂಗಿ. ಇಲಿ ಕಾಟ ಅಂದಿದ್ದು ಸುಳ್ಳು. ಈಗ ಯಾರ ಕೈಯಾಗ ಕೊಡ್ಲಿ, ಹೇಳು."

ಬರೆದುಕೊಡಲೆಂದು ತೆಗೆದಿದ್ದ ಪೆನ್ನನ್ನು ನಾನು ಮತ್ತೆ ಚೀಲಕ್ಕೆ ಹಾಕಿಕೊಂಡೆ.