ತಂಗಿಯ ಸರದಿಯಲ್ಲಿ ಅಕ್ಕ

ಠಣ್.

ನಡುರಾತ್ರಿ ಪಕ್ಕದ ಕೋಣೆಯಲ್ಲಿ ಮತ್ತೆ ಕತ್ತರಿ ಬಿದ್ದ ಸದ್ದು ಕೇಳಿ ಅಕ್ಕ ಎದ್ದು ಕುಳಿತಳು. ಹೊಲಿಗೆ ಅಂಗಡಿ ನಡೆಸುವ ತಂಗಿಗೆ ಆರು ತಿಂಗಳಿಂದ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಮಣಿಕಟ್ಟಿನ ನರ ಒತ್ತಿಕೊಂಡಿದೆ, ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ಆಗದಿದ್ದರೆ ಕತ್ತರಿಯ ಋಣ ತೀರಿದಂತೆಯೇ.

ವಿಮಾ ಕಂಪನಿ ಮಾತ್ರ ಒಪ್ಪಲಿಲ್ಲ. ತಂಗಿಯ ಹೆಸರಿನಲ್ಲಿ ನಾಲ್ಕು ಪುಟದ ಮನವಿ ಬರೆದವಳು ಅಕ್ಕ. ಮುತ್ತು ಪೋಣಿಸಿದಂಥ ಅಕ್ಷರ, ಚಿತ್ತಿಲ್ಲ, ಕಾಟಿಲ್ಲ. ಉತ್ತರ ಬಂದದ್ದು ಒಂದೇ ಸಾಲು: ‘ಇಷ್ಟು ಅಂದವಾಗಿ ಬರೆಯುವ ಕೈಗೆ ಶಸ್ತ್ರಚಿಕಿತ್ಸೆಯ ಅಗತ್ಯ ಕಾಣುವುದಿಲ್ಲ.’

“ಕಾಗೆ ಕಾಲು ಗುಬ್ಬಿ ಕಾಲು ಗೀಚೋಕೆ ಏನಾಗಿತ್ತೇ ನಿನಗೆ?” ಎಂದು ತಂಗಿ ಹಣೆ ಚಚ್ಚಿಕೊಂಡಳು.

“ಓದೋರು ಏನಂದ್ಕೊಳ್ತಾರೆ ಅಂತ…”

ಹೊರದೇಶದ ಧರ್ಮಾಸ್ಪತ್ರೆಯೊಂದರಲ್ಲಿ ಕಾಲುಭಾಗದ ಖರ್ಚಿನಲ್ಲಿ ಆಗುತ್ತದೆಂದು ತಿಳಿದು ಇಬ್ಬರೂ ವಿಮಾನ ಹತ್ತಿದರು. ಗಿರಾಕಿಗಳಿಗೆ ಹೇಳಿದ್ದು ಪ್ರವಾಸವೆಂದು. ಕೈ ಸರಿಯಿಲ್ಲದವಳಿಗೆ ಯಾರು ತಾನೇ ಬಟ್ಟೆ ಕೊಟ್ಟಾರು?

ಆಪರೇಷನ್ ದಿನ ಹೆದರಿಕೆಗೆ ಹೊಟ್ಟೆ ಕೆಟ್ಟು ತಂಗಿ ಟಾಯ್ಲೆಟ್ ಸೇರಿದಳು. ಅದೇ ಗಳಿಗೆಗೆ ನರ್ಸ್ ಬಂದು ಅವಳ ಹೆಸರು ಕೂಗಬೇಕೆ! ಸರದಿ ತಪ್ಪಿದರೆ ಗತಿಯೇನೆಂದು ಅಕ್ಕ “ನಾನೇ, ಬಂದೆ” ಎಂದುಬಿಟ್ಟಳು. ತಂಗಿ ಬಂದ ಕೂಡಲೇ ಅದಲುಬದಲಾದರೆ ಆಯಿತು ಎಂಬುದು ಅವಳ ಎಣಿಕೆ.

ನರ್ಸ್ ಭಾರಿ ಚುರುಕು. ಮಣಿಕಟ್ಟಿಗೆ ತಂಗಿಯ ಹೆಸರಿನ ಪಟ್ಟಿ ಬಿತ್ತು, ಮೈಗೆ ಹಸಿರು ಗೌನು ಏರಿತು, ಬಲಗೈ ಮೇಲೆ ನೀಲಿ ಶಾಯಿಯ ಬಾಣ ಮೂಡಿತು. ಹೇಗೆ ಹೇಳಿದರೆ ಅವರಿಗೆ ಬೇಸರವಾಗದು ಎಂದು ಅಕ್ಕ ಮಾತು ಹುಡುಕುವಷ್ಟರಲ್ಲಿ ಅವಳ ಮಂಚ ಹೊರಟೇಬಿಟ್ಟಿತು.

ಕನ್ನಡ ಬಲ್ಲ ಅಲ್ಲಿನ ಡಾಕ್ಟರು ಬೆರಳು ಮಡಿಸಿ ನೋಡಿದರು, ಸೂಜಿಯಿಂದ ಚುಚ್ಚಿದರು. ಅಕ್ಕ ಕಿಟಾರನೆ ಕಿರುಚಿದಳು.

“ಬೆರಳು ಸೊಗಸಾಗಿವೆಯಲ್ಲಮ್ಮಾ! ಈ ಕೈಗೆ ಆಪರೇಷನ್ ಯಾಕೆ? ಆರಾಮಾಗಿ ಊರಿಗೆ ಹೋಗಿ.”

ಅಕ್ಕನ ಇದೇ ಕೈ ಎರಡನೆಯ ಸಲ ತಂಗಿಯ ಅನ್ನಕ್ಕೆ ಕಲ್ಲು ಹಾಕುತ್ತಿತ್ತು. ಈ ಸಲ ಅವಳು ಮಾತು ಹುಡುಕುತ್ತ ಕೂರಲಿಲ್ಲ.

“ಅಯ್ಯೋ, ಇದಲ್ಲಾ ಸಾರ್! ಆ ಕೈ ಟಾಯ್ಲೆಟ್‌ನಲ್ಲಿದೆ!”

ತಂಗಿ ಹೊಟ್ಟೆ ಹಿಡಿದುಕೊಂಡು ಹೊರಬರುವ ಹೊತ್ತಿಗೆ ಅಕ್ಕ ತನ್ನ ಬಟ್ಟೆಯಲ್ಲಿ, ಕುರ್ಚಿಯ ಮೇಲೆ, ಏನೂ ಅರಿಯದವಳಂತೆ ಕುಳಿತಿದ್ದಳು. ಡಾಕ್ಟರು ತಂಗಿಯ ಹೆಸರನ್ನು ಮೂರು ಸಲ ಕೇಳಿ, ಸೂಜಿಗೂ ಅಲುಗದ ಬೆರಳು ನೋಡಿ, ಅವಳನ್ನು ಒಳಗೆ ಕರೆದೊಯ್ದರು.

ಮೂರನೆಯ ದಿನ ಪಟ್ಟಿಯೊಳಗಿಂದ ಇಣುಕುತ್ತಿದ್ದ ಬೆರಳುಗಳಿಂದ ತಂಗಿ ಅಕ್ಕನ ಅಂಗಿತೋಳಿನ ಅಂಚು ಸವರಿದಳು.

“ಬಟ್ಟೆ ಗೊತ್ತಾಗ್ತಿದೆ ಕಣೇ! ಹತ್ತಿ! ಅದೂ ಅಗ್ಗದ್ದು!” ಎಂದವಳ ಕಣ್ಣು ತುಂಬಿತ್ತು. “ಅದೇನೇ ಕೈಮೇಲೆ ನೀಲಿ?”

“ಪೆನ್ನು ಸೋರ್ತು.”

ನಿಜ ಹೇಳಿದರೆ ತಂಗಿ ಬಿದ್ದುಬಿದ್ದು ನಗುತ್ತಾಳೆ. ಅಳತೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು ಹೇಳುತ್ತಾಳೆ. ಅವಳ ಬಾಯಲ್ಲಿ ನಗೆಮಾತು ನಿಲ್ಲುವುದುಂಟೆ? ನಕ್ಕವರು ಆಸ್ಪತ್ರೆಗೆ ಯಾಕೆ ಹೋಗಿದ್ದಿರಿ ಎನ್ನದೆ ಬಿಡುತ್ತಾರೆಯೇ? ಅಕ್ಕ ಅಂಗಿತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು. ಇದನ್ನು ಯಾರಿಗೂ ಹೇಳಕೂಡದು, ತಂಗಿಗಂತೂ ಖಂಡಿತ ಕೂಡದು.