ಎಡಗಡೆ ಅಪ್ಪನದು

"ಕೈ ಸ್ವಲ್ಪ ಮೇಲೆತ್ತೋ, ಮತ್ತೆ ಜಾರ್ತಾ ಇದೆ," ಎನ್ನುತ್ತ ಚಿಕ್ಕಪ್ಪ ಜೊಂಗ್‌ಗು ತಮ್ಮ ಮಗ ಗ್ವಾಂಗ್‌ಮೊನ ಕೋಟಿನ ತೋಳಿಗೆ ಸೆಣಬಿನ ಪಟ್ಟಿಯನ್ನು ಇನ್ನೊಂದು ಪಿನ್ನು ಹಾಕಿ ಬಿಗಿದರು. ಪಟ್ಟಿಯ ಮೇಲೆ ಎರಡು ಕಪ್ಪು ಗೀಟುಗಳಿದ್ದವು. ಆ ಗೀಟು ಇದ್ದವನೇ ಸಾವಿನ ಮನೆಯ ಯಜಮಾನ. ಬಂದವರು ಕೈಮುಗಿಯುವುದು ಅವನಿಗೆ, ಶವಪೆಟ್ಟಿಗೆಯ ಮುಂದೆ ಫೋಟೋ ಹಿಡಿದು ನಡೆಯುವವನೂ ಅವನೇ. ಸತ್ತದ್ದು ಮಿರಾನಳ ಅಪ್ಪ, ಮಾ ಜೊಂಗ್‌ತೇ. ಒಬ್ಬಳೇ ಮಗಳಾದ ಮಿರಾನಳಿಗೆ ಸಿಕ್ಕಿದ್ದು ತಲೆಗೆ ಸಿಕ್ಕಿಸಿಕೊಳ್ಳುವ ಬಿಳಿ ರಿಬ್ಬನ್ನಿನ ಒಂದು ಕ್ಲಿಪ್ಪು.

"ಚಿಕ್ಕಪ್ಪ, ಇವತ್ತಾದ್ರೂ ಫೋಟೋ ನಾನು ಹಿಡೀತೀನಿ."

"ಮತ್ತೆ ಶುರುವಾಯ್ತಾ ನಿಂದು? ಗಂಡುಮಕ್ಕಳಿರೋ ಮನೆತನ ನಮ್ಮದು. ನೋಡಿದವರು ಏನಂದಾರು?"

"ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ನಾನಿದ್ದೆ."

"ಅದಕ್ಕೇ ತಾನೇ ಗ್ವಾಂಗ್‌ಮೊನ ನಿಲ್ಲಿಸಿರೋದು! ಹೋಗಮ್ಮ, ಆ ಕಡೆ ಊಟದವರಿಗೆ ಸಾರು ಸಾಲುತ್ತೋ ಇಲ್ವೋ ನೋಡು."

ಗ್ವಾಂಗ್‌ಮೊ ನೆಲ ನೋಡುತ್ತ ನಿಂತಿದ್ದ. ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದೇ ಸಲ ಬಂದಿದ್ದ, ಅದೂ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಗೊಣಗಿಕೊಂಡು. ಅಂಥವನ ತೋಳಿಗೆ ಯಜಮಾನಿಕೆ! ಆದರೂ ಮಿರಾನ್ ಸಾರು ನೋಡಲು ಹೋದಳು.

ಆಸ್ಪತ್ರೆಯ ಕೆಳಗಿನ ಆ ಶೋಕಗೃಹದಲ್ಲಿ ಫೋಟೋ ಇಟ್ಟ ಕೋಣೆಗೂ ಊಟದ ಚಾವಡಿಗೂ ನಡುವೆ ಒಂದು ಜಾರುಬಾಗಿಲು ಮಾತ್ರ. ಅಡುಗೆಯ ಕಟ್ಟೆಯ ಬಳಿ ಸೋದರತ್ತೆ ಕೆಂಪು ಮಾಂಸದ ಸಾರನ್ನು ಬಟ್ಟಲಿಗೆ ಸುರಿಯುತ್ತಿದ್ದರು.

"ನಿನ್ನ ಚಿಕ್ಕಪ್ಪನಿಗೆ ಗೀಟಿರೋ ಬಟ್ಟೆ ಕಂಡ್ರೆ ಸಾಕು, ಮೈಮೇಲೆ ಬಂದ ಹಾಗೆ ಆಡ್ತಾನೆ," ಎಂದರು ಅತ್ತೆ. "ಚಿಕ್ಕವನಿದ್ದಾಗಲೂ ಹಾಗೇ. ಶಾಲೆಯಲ್ಲಿ ಕ್ಲಾಸ್ ಲೀಡರ್ ಆಗ್ಲಿಲ್ಲ ಅಂತ ಮೂರು ದಿನ ಊಟ ಬಿಟ್ಟಿದ್ದ."

ಅಪ್ಪನಂತೆಯೇ ಹಳೆಯ ಆಂಪ್ಲಿಫೈಯರಿನ ಹುಚ್ಚು ಹಿಡಿಸಿಕೊಂಡ ಗೆಳೆಯರ ಸಂಘದವರು ಬೆಳಗ್ಗೆಯೇ ಸೋಜು ಮದ್ಯದ ಬಾಟಲಿಗಳ ಸುತ್ತ ಕೂತಿದ್ದರು. ಮಾತೆಲ್ಲ ಅಧ್ಯಕ್ಷ ಪ್ಯೊ ಅವರದು.

"ನಮ್ಮ ಮಾ ಅಣ್ಣನ ಕೈಗೆ ಹೋದ್ರೆ ಸತ್ತ ಆಂಪ್ಲಿಫೈಯರೂ ಎದ್ದು ಕೂರ್ತಿತ್ತು ಕಣ್ರೀ. ಹೋದ ವರ್ಷ ನನ್ನದಕ್ಕೆ ಹೊಸ ಕೆಪಾಸಿಟರ್ ಹಾಕಿಕೊಟ್ಟರಲ್ಲ, ಹಾಡೋಳು ಉಸಿರೆಳೆಯೋದೂ ಕೇಳಿಸ್ತಿತ್ತು!" ಎಂದು ಹೇಳಿ, ಸಾರು ತಂದಿಟ್ಟವಳನ್ನು ನೋಡಿದರು. "ಪಾಪ, ಈ ಹುಡುಗಿ ಮಾಡಿಕೊಟ್ಟ ಕಾಫಿ ಎಷ್ಟು ಕುಡಿದಿದ್ದೀವೋ!"

ಈ ಹುಡುಗಿಗೆ ನಲವತ್ತಾರು ವಯಸ್ಸು. ಆ ಕೆಪಾಸಿಟರುಗಳನ್ನು ಬೆಸುಗೆ ಹಾಕಿದ್ದು ಅವಳೇ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಸಂಘದವರ ಅರ್ಧಕ್ಕರ್ಧ ಪೆಟ್ಟಿಗೆಗಳು ಅವಳ ಕೈಯಲ್ಲೇ ಎದ್ದು ಕೂತದ್ದು. ಅಪ್ಪ ಅದನ್ನು ಮುಚ್ಚಿಟ್ಟಿರಲಿಲ್ಲ. "ನನ್ನ ಮಗಳು ಮಾಡಿದ್ದು" ಎಂದರೆ ಇವರು ತೊಡೆ ತಟ್ಟಿ ನಗುತ್ತಿದ್ದರು. ಮಗಳ ಮೇಲೆ ಅಣ್ಣನಿಗೆ ಎಂಥ ಪ್ರೀತಿ ನೋಡಿ ಎನ್ನುತ್ತಿದ್ದರು.

*

ಅಪ್ಪನೂ ಮಗಳೂ ತಮ್ಮ ಮನೆಗೆಂದು ರಿಪೇರಿಗೆ ಎತ್ತಿಕೊಂಡಿದ್ದ ಆಂಪ್ಲಿಫೈಯರು ಜಪಾನಿನದು, ಮಿರಾನಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಮುಚ್ಚಳ ತೆಗೆದರೆ ಒಳಗೆ ಕನ್ನಡಿಯಲ್ಲಿ ನೋಡಿದಂತೆ ಎಡಕ್ಕೊಂದು ಬಲಕ್ಕೊಂದು, ಒಂದೇ ಥರದ ಎರಡು ಪಾಲು.

"ಎಡಗಡೆ ನಂದು, ಬಲಗಡೆ ನಿಂದು," ಎಂದಿದ್ದ ಅಪ್ಪ. "ಇದು ಯಾರಿಗೂ ಅಲ್ಲ, ನಮ್ಮ ಮನೆಗೆ. ಯಾರ ಕಡೆ ಚೆನ್ನಾಗಿ ಹಾಡುತ್ತೋ ನೋಡೇಬಿಡೋಣ."

ಅದು ಹಿಂದಿನ ಚಳಿಗಾಲ. ದೇಗು ನಗರದ ಬಟ್ಟೆ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಪ್ಪ, ಗಿರಣಿ ಮುಚ್ಚಿದ ಮೇಲೆ ಅಪಾರ್ಟ್‌ಮೆಂಟಿನ ಗಾಜಿನ ಬಾಲ್ಕನಿಯನ್ನೇ ಗಿರಣಿ ಮಾಡಿಕೊಂಡಿದ್ದ. ಬೇರೆಯವರ ಪೆಟ್ಟಿಗೆಗಳಿಗೆಲ್ಲ ಇಲ್ಲಿನ ಇನ್ನೂರಿಪ್ಪತ್ತು ವೋಲ್ಟಿಗೆ ಹೊಂದುವ ಟ್ರಾನ್ಸ್‌ಫಾರ್ಮರ್ ಹಾಕಿಕೊಡುತ್ತಿದ್ದವನು ಇದಕ್ಕೆ ಮಾತ್ರ ಹಾಕಲಿಲ್ಲ. ನೂರು ವೋಲ್ಟಿಗೆ ಹುಟ್ಟಿದ್ದು ನೂರರಲ್ಲೇ ಇರಲಿ ಎಂದ. ಕರೆಂಟು ಇಳಿಸಿ ಕೊಡಲು ಮೇಜಿನ ಕೆಳಗೆ ಅನ್ನದ ಕುಕ್ಕರಿನಷ್ಟು ದಪ್ಪದ ಒಂದು ಪೆಟ್ಟಿಗೆ ಬೇರೆ ಇತ್ತು. ಜಪಾನಿನ ಚಪ್ಪಟೆ ಪಿನ್ನನ್ನು ವೋಲ್ಟ್ ಇಳಿಸದೆ ನೇರ ಗೋಡೆಗೆ ಸಿಕ್ಕಿಸಲು ಎಲ್ಲ ಅಂಗಡಿಯಲ್ಲೂ ಒಂದು ಬಿಳಿ ತುಂಡು ಸಿಗುತ್ತದೆ, ಜನ ಅದನ್ನು ಹಂದಿಮೂಗು ಅನ್ನುತ್ತಾರೆ. ಆ ಹಂದಿ ತನ್ನ ಹೊಸ್ತಿಲು ದಾಟಕೂಡದೆಂದು ಅಪ್ಪನ ಆಜ್ಞೆಯಾಗಿತ್ತು.

ಫ್ಯೂಸ್ ಹಾಕುವ ದಿನ ಇಬ್ಬರಿಗೂ ಜಗಳ ಬಿತ್ತು.

"ಇಷ್ಟು ಸಣ್ಣದಾ? ಜೋರಾಗಿ ಒಂದು ಡೋಲು ಹೊಡೆದ್ರೆ ಹಾರಿಹೋಗುತ್ತೆ ಕಣೆ."

"ಹಾರಲಿ. ಫ್ಯೂಸ್ ಇನ್ನೊಂದು ಹಾಕ್ಬಹುದು. ಈ ಟ್ರಾನ್ಸಿಸ್ಟರ್ ಎಲ್ಲಿಂದ ತರ್ತೀಯ? ಮಾಡೋದು ಬಿಟ್ಟೇ ಮೂವತ್ತು ವರ್ಷ ಆಯ್ತು."

"ಪುಕ್ಕಲಿ."

"ಹುಂಬ."

ಅಪ್ಪ ತನ್ನ ಕಡೆಗೆ ದಪ್ಪನೆಯ ಫ್ಯೂಸನ್ನೇ ಹಾಕಿದ. ಆದರೆ ಮೊದಲು ಉಸಿರು ಬಂದದ್ದು ಅವನ ಕಡೆಗೇ. ಮಿರಾನಳ ಬಲಗಡೆ ಸತ್ತಂತೆ ಬಿದ್ದಿತ್ತು. ಅವಳು ಮುಖ ಊದಿಸಿಕೊಂಡು ಕೂತಾಗ ಅಪ್ಪ ಕಿತ್ತಳೆ ಸುಲಿದು ಅರ್ಧ ಅವಳ ಕೈಗಿಟ್ಟ.

"ಕೂತು ಗೊಳೋ ಅಂದ್ರೆ ಏನು ಬಂತು? ಒಂದು ಕಡೆ ಸತ್ತಿದ್ರೆ ಬದುಕಿರೋ ಕಡೇನ ಕೇಳಬೇಕು. ಮೀಟರಿನ ಕಡ್ಡಿ ಮೊದಲು ನನ್ನ ಕಡೆ ಇಡು, ಆಮೇಲೆ ಅದೇ ಜಾಗಕ್ಕೆ ನಿನ್ನ ಕಡೆ ಇಡು. ಎಲ್ಲಿ ಅಂಕಿ ಬೇರೆ ಬರುತ್ತೋ ಅಲ್ಲೇ ರೋಗ."

ಹಾಗೆ ಹುಡುಕಿ ಆ ರಾತ್ರಿಯೇ ಅವಳು ಬಲಗಡೆಯನ್ನೂ ಹಾಡಿಸಿದ್ದಳು.

*

ಖಾಲಿ ಬಟ್ಟಲುಗಳ ತಟ್ಟೆ ಹಿಡಿದು ತಿರುಗಿದ ಮಿರಾನ್, ಜಾರುಬಾಗಿಲಿನ ಆಚೆ ಕಂಡದ್ದನ್ನು ನೋಡಿ ನಿಂತುಬಿಟ್ಟಳು. ಬಿಳಿ ಸೇವಂತಿಗೆಗಳ ನಡುವೆ, ಅಪ್ಪನ ಫೋಟೋದ ಕೆಳಗೆ, ಅವರಿಬ್ಬರ ಆಂಪ್ಲಿಫೈಯರು ಕೂತಿತ್ತು. ಆಚೀಚೆ ಯಾರದೋ ಸ್ಪೀಕರುಗಳು. ಪ್ಯೊ ಅದರ ಹಿಂದೆ ಮಂಡಿಯೂರಿ ಗೋಡೆಯ ಸಾಕೆಟ್ ಹುಡುಕುತ್ತಿದ್ದರು.

"ಇದನ್ನ ಯಾರು ತಂದದ್ದು?"

"ಅಪ್ಪ ಹೇಳಿದ್ರು ಅಕ್ಕ," ಎಂದ ಗ್ವಾಂಗ್‌ಮೊ. "ದೊಡ್ಡಪ್ಪನ ಬಟ್ಟೆ ತರೋಕೆ ನೀನೇ ಬಾಗಿಲ ಬೀಗದ ನಂಬರು ಕೊಟ್ಟಿದ್ದೆಯಲ್ಲ, ಹಾಗೇ..."

"ಅಣ್ಣನ ಕೊನೇ ಕೆಲಸ," ಎಂದರು ಪ್ಯೊ, ತಲೆ ಎತ್ತದೆ. "ಅಣ್ಣನಿಗೇ ಕೇಳಿಸಿ ಕಳಿಸೋಣ ಅಂತ."

ಅವರ ಕೈಯಲ್ಲಿ ಬಿಳಿ ತುಂಡೊಂದು ಕಂಡಿತು. ಕೆಳಗಿನ ಅಂಗಡಿಯಲ್ಲಿ ಆಗಷ್ಟೇ ಕೊಂಡದ್ದು.

"ಹಾಕ್ಬೇಡಿ!"

ತಟ್ಟೆ ಬಿದ್ದು ಬಟ್ಟಲುಗಳು ಉರುಳಿದವು. ಅಷ್ಟರಲ್ಲಿ ಹಂದಿಮೂಗು ಗೋಡೆಗೆ ಹೊಕ್ಕಾಗಿತ್ತು, ಸ್ವಿಚ್ಚೂ ಬಿದ್ದಿತ್ತು. ಪೆಟ್ಟಿಗೆಯೊಳಗೆ ಪಟಾಕಿ ಹೊಡೆದ ಸದ್ದಾಯಿತು. ಮುಚ್ಚಳದ ಸಂದಿನಿಂದ ಹೊಗೆ ಎದ್ದು ಊದುಬತ್ತಿಯ ಹೊಗೆಯ ಜೊತೆ ಅಪ್ಪನ ಮುಖದ ಮುಂದೆ ತೇಲಿತು. ಮಿರಾನ್ ಓಡಿಬಂದು ವೈರನ್ನು ಕಿತ್ತೆಸೆದಳು.

ಪ್ಯೊ ಬಿಳಿಚಿಕೊಂಡಿದ್ದರು. "ಅಣ್ಣ ಎಲ್ಲರದ್ದೂ ಇನ್ನೂರಿಪ್ಪತ್ತಕ್ಕೆ ಮಾಡಿಕೊಟ್ಟಿದ್ರು... ಇದಕ್ಕೆ ಪಿನ್ನು ಬದಲಾಯಿಸೋದು ಮರೆತಿರಬೇಕು ಅಂದ್ಕೊಂಡೆ."

"ಕೇಳೋಕೆ ಏನಾಗಿತ್ತು?"

"ಯಾರನ್ನ ಕೇಳೋದಮ್ಮ? ಅಣ್ಣನೇ ಹೋದ ಮೇಲೆ..."

"ನನ್ನನ್ನ ಕೇಳಬೇಕಿತ್ತು!" ಅವಳು ಕೂಗಿದಳು. "ಆ ಬಾಗಿಲ ಆಚೆ ನಿಮಗೇ ಸಾರು ಬಡಿಸ್ತಾ ನಿಂತಿದ್ದೆನಲ್ಲ! ಕಣ್ಣಿಗೆ ಕಾಣಿಸ್ಲಿಲ್ವಾ ನಾನು? ನಿಮ್ಮ ಆಂಪ್ಲಿಫೈಯರ್ ಬೆಸುಗೆ ಹಾಕಿದ್ದು ಯಾರು ಅಂತ ಅಪ್ಪ ಎಷ್ಟು ಸಲ ಹೇಳಿದ್ದ!"

"ಫೋಟೋ ಮುಂದೆ ಹೀಗಾ ಕೂಗಾಡೋದು?" ಚಿಕ್ಕಪ್ಪ ಗದರಿದರು. "ಒಂದು ಹಳೇ ಡಬ್ಬ ಸುಟ್ಟುಹೋಯ್ತು ಅಂತ..."

"ಡಬ್ಬ ಅಲ್ಲ ಚಿಕ್ಕಪ್ಪ. ಅಪ್ಪನೂ ನಾನೂ ಕೂತು ಮಾಡಿದ್ದು."

ಚಿತಾಗಾರಕ್ಕೆ ಹೊರಡುವ ಹೊತ್ತಾಯಿತೆಂದು ಯಾರೋ ಬಂದು ಹೇಳಿದರು.

*

ಬಸ್ಸಿನ ಮುಂದಿನ ಸೀಟಿನಲ್ಲಿ ಗ್ವಾಂಗ್‌ಮೊನ ತೊಡೆಯ ಮೇಲೆ ಅಪ್ಪನ ಫೋಟೋ. ಅವನ ಹಿಂದಿನ ಸೀಟಿನಲ್ಲಿ ಮಿರಾನಳ ತೊಡೆಯ ಮೇಲೆ ಸುಟ್ಟ ವಾಸನೆಯ ಆಂಪ್ಲಿಫೈಯರು. ಕೆಳಗಿನ ಸಾಮಾನಿನ ಜಾಗದಲ್ಲಿ ಹಾಕಿ ಎಂದ ಡ್ರೈವರಿಗೆ ಅವಳು ಆಗುವುದಿಲ್ಲ ಎಂದಿದ್ದಳು. ಅದರ ಭಾರಕ್ಕೆ ಕಾಲು ಜೋಮು ಹಿಡಿಯಿತು. ಪಕ್ಕದಲ್ಲಿದ್ದ ಅತ್ತೆ ಒಂದು ಕೈ ಕೆಳಗೆ ಕೊಟ್ಟು ಆನಿಸಿಕೊಂಡರು. ಮಿರಾನಳಿಗೆ ಅಳು ಬರಲಿಲ್ಲ. ಅಷ್ಟು ಸಿಟ್ಟಿತ್ತು.

ಚಿತಾಗಾರದಲ್ಲಿಯೂ ಅಸ್ಥಿಯ ಕರಡಿಗೆಯನ್ನು ಗೀಟಿದ್ದ ತೋಳು ನೋಡಿಯೇ ಕೊಟ್ಟರು.

ಎಲ್ಲ ಮುಗಿದು ಅವಳನ್ನು ಅಪಾರ್ಟ್‌ಮೆಂಟಿನ ಬಾಗಿಲಿಗೆ ಬಿಡಲು ಬಂದ ಗ್ವಾಂಗ್‌ಮೊ ತೋಳಿನ ಪಟ್ಟಿ ಬಿಚ್ಚಿ ಅವಳ ಮುಂದೆ ಹಿಡಿದ.

"ಅಕ್ಕ, ಇದು ನಿಂದು. ಅಲ್ಲಿ ಅಪ್ಪನ ಎದುರಿಗೆ ಕೊಡೋ ಧೈರ್ಯ ಬರಲಿಲ್ಲ."

"ಇಲ್ಲಿ ಯಾರು ನೋಡ್ತಾರೆ ಅಂತ ಕೊಡ್ತಾ ಇದ್ದೀಯ?"

ಅವಳು ಪಟ್ಟಿ ತೆಗೆದುಕೊಂಡು ಬಾಗಿಲು ಹಾಕಿದಳು.

ಬಾಲ್ಕನಿಯಲ್ಲಿ ಮಧ್ಯಾಹ್ನದ ಬಿಸಿಲು ತುಂಬಿತ್ತು. ಅಪ್ಪನ ಸ್ಟೂಲು ಅವನು ಎದ್ದುಹೋದಾಗ ಇದ್ದಂತೆಯೇ ಓರೆಯಾಗಿತ್ತು. ಕಪ್ಪು ಸೀರೆಯಂತೆ ಕಾಲಿಗೆ ತೊಡರುತ್ತಿದ್ದ ಶೋಕದ ಉಡುಪನ್ನು ಮೇಲೆ ಸಿಕ್ಕಿಸಿ, ಮಿರಾನ್ ಒಂದೊಂದೇ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಬಲಗಡೆಯ ಸಣ್ಣ ಫ್ಯೂಸುಗಳು ಹಾರಿದ್ದವು, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಎಡಗಡೆ ಟ್ರಾನ್ಸಿಸ್ಟರುಗಳು ಸಿಡಿದು ಮಸಿ ಬಳಿದುಕೊಂಡಿದ್ದವು. ಅಪ್ಪ ಹಾಕಿದ್ದ ದಪ್ಪ ಫ್ಯೂಸು ಮಾತ್ರ ಏನೂ ಆಗದವರ ಹಾಗೆ ತನ್ನ ಜಾಗದಲ್ಲಿ ಕೂತಿತ್ತು.

"ಹುಂಬ," ಎಂದಳು. ಆಗ ಅಳು ಬಂತು.

ಮೂಗು ಒರೆಸಿಕೊಂಡು ಸುತ್ತ ನೋಡಿದಳು. ಬಟ್ಟೆ ಯಾವುದೂ ಕೈಗೆ ಸಿಗಲಿಲ್ಲ. ಮೇಜಿನ ಮೇಲಿದ್ದ ತೋಳಪಟ್ಟಿಯನ್ನು ಎರಡು ಮಡಿಕೆ ಮಾಡಿ ಸ್ಪಿರಿಟ್ಟಿನಲ್ಲಿ ಅದ್ದಿ ಎಡಗಡೆಯ ಮಸಿಯನ್ನು ಒರೆಸಲು ತೊಡಗಿದಳು. ಒರೆಸುತ್ತ ಒರೆಸುತ್ತ ಎರಡು ಗೀಟು ಯಾವುದು, ಮಸಿ ಯಾವುದು ಎಂದು ತಿಳಿಯದಂತಾಯಿತು. ಆಮೇಲೆ ಮೀಟರನ್ನು ಹತ್ತಿರ ಎಳೆದು, ಕೆಂಪು ಕಡ್ಡಿಯನ್ನು ಬಲಗಡೆ ತಾನು ಹಾಕಿದ ಮೊದಲನೆಯ ಬೆಸುಗೆಯ ಮೇಲಿಟ್ಟಳು. ಅಂಕಿ ಓಡಿ ನಿಂತಿತು. ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಕಡ್ಡಿಯನ್ನು ಎತ್ತಿ, ಎಡಗಡೆ ಅದೇ ಜಾಗಕ್ಕೆ ತಂದಳು.