ಹೊಳೆಯುವ ಗೂಡಿಗೆ ಕರಿ ಬೂಚು

ನಾನು ಒಂದು ಬೂಚು. ಎಣ್ಣೆ ಬಾಟಲಿಯ ಬಾಯಲ್ಲಿ ತಣ್ಣಗೆ ಕೂತಿರುವ ಬೂಚುಗಳನ್ನು ನೀವು ನೋಡಿದ್ದೀರಿ. ಅವುಗಳ ಹಣೆಬರಹ ಚೆನ್ನಾಗಿತ್ತು, ನನ್ನದು ಹಾಗಲ್ಲ. ನಾನು ಅಂಗೈಯಗಲದ ಕರಿ ರಬ್ಬರಿನ ಬೂಚು. ಬೆಳಗಾವಿಯ ಉದ್ಯಮಬಾಗದ ಹಿಂದಿನ ಗಲ್ಲಿಯಲ್ಲಿರುವ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ಆಯುಷ್ಯವೆಲ್ಲ ಕಳೆಯಿತು. ಮೊದಲೇ ಹೇಳಿಬಿಡುತ್ತೇನೆ, ನಾನು ಮಹಾ ಹೊಟ್ಟೆಕಿಚ್ಚಿನ ಜೀವ. ದೊಡ್ಡವರು ತಮ್ಮ ಕಥೆ ಹೇಳುವಾಗ ತೋರಿಸುವ ತಾಳ್ಮೆ, ಕ್ಷಮೆ ಇತ್ಯಾದಿಗಳನ್ನು ನನ್ನಲ್ಲಿ ಹುಡುಕಬೇಡಿ.

ನನ್ನ ತಾಯಿ ಒಂದು ಲಾರಿಯ ಟೈರು. ಪುಣೆ ರಸ್ತೆಯಲ್ಲಿ ಓಡಿ ಓಡಿ ಸವೆದ ಮೇಲೆ ಅವಳನ್ನು ಹಳೆ ಸಾಮಾನಿನವನು ತುಂಡು ತುಂಡಾಗಿ ಕೊಯ್ದ. ಒಂದು ಪಾಲು ಚಪ್ಪಲಿಯಾಯಿತು, ಒಂದು ಪಾಲು ಗಾರೆ ಹೊರುವ ಬುಟ್ಟಿಯಾಯಿತು. ಉಳಿದ ಮೂಲೆಯ ತುಂಡನ್ನು ಲೇಥ್ ನಡೆಸುವ ದಸ್ತಗೀರ ಚಾಚಾ ತಂದ. ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ ಒಂದರ ಮೇಲೊಂದು ಜೋಡಿಸಿ, ನಡುವೆ ಬೋಲ್ಟು ಹೊಗಿಸಿ, ಎರಡೂ ಕಡೆ ತಗಡಿನ ಬಿಲ್ಲೆ ಇಟ್ಟು, ಮೇಲೆ ಕಿವಿಯಿರುವ ನಟ್ಟು ಕೂಡಿಸಿದ. ನಟ್ಟು ತಿರುಗಿಸಿದರೆ ನನ್ನ ಹೊಟ್ಟೆ ಉಬ್ಬುತ್ತದೆ. ಉಬ್ಬಿದ ಹೊಟ್ಟೆ ಸುತ್ತಲ ಗೋಡೆಯನ್ನು ಗಟ್ಟಿಯಾಗಿ ಅವುಚಿಕೊಳ್ಳುತ್ತದೆ. ಅಷ್ಟೇ ನನ್ನ ವಿದ್ಯೆ. ಚಪ್ಪಲಿಯಾದ ನನ್ನ ಅಣ್ಣತಮ್ಮಂದಿರು ಊರು ಸುತ್ತುತ್ತಾರೆ ಎಂದು ಅಂದಿನಿಂದಲೇ ನನಗೆ ಉರಿ.

ನನ್ನ ಕೆಲಸ ಏನೆಂದರೆ, ನಮ್ಮ ಶೆಡ್ಡಿಗೆ ದೊಡ್ಡ ಫ್ಯಾಕ್ಟರಿಗಳಿಂದ ಲಾರಿ ಚಕ್ರದ ನಟ್ಟನಡುವೆ ಕೂರುವ ಕಬ್ಬಿಣದ ಹಬ್‌ಗಳು ಬರುತ್ತವೆ. ಹೊರಮೈ ಒರಟು, ತುಕ್ಕು ಹಿಡಿದದ್ದು. ಅದಕ್ಕೆ ಗಾಳಿಯ ಪೈಪಿನಿಂದ ಮರಳು ಹೊಡೆದು ತುಕ್ಕು ತೆಗೆದು ಬಣ್ಣ ಬಳಿಯುತ್ತಾರೆ. ಆದರೆ ಹಬ್‌ನ ಒಳಗೆ ಬೇರಿಂಗ್ ಕೂರುವ ಒಂದು ಗೂಡು ಇರುತ್ತದೆ. ಅದನ್ನು ಆಗಲೇ ಮಷೀನಿಗೆ ಹಾಕಿ ಕನ್ನಡಿಯಂತೆ ನುಣುಪು ಮಾಡಿರುತ್ತಾರೆ. ಅಳತೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಅಲ್ಲಿ ಮರಳು ತಾಗಿದರೆ, ಬಣ್ಣ ಅಂಟಿದರೆ ಬೇರಿಂಗ್ ಸರಿಯಾಗಿ ಕೂರದೆ, ಓಡುವ ಲಾರಿಯ ಚಕ್ರ ಕಾದು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮರಳು ಹೊಡೆಯುವ ಮೊದಲು ಆ ಗೂಡಿನ ಬಾಯಿ ಮುಚ್ಚಬೇಕು. ಮುಚ್ಚುವುದು ನನ್ನಿಂದ.

“ಚಾಚಾ, ಕಬ್ಬಿಣಾನ ಕಡಿಯೂ ಉಸುಕು ರಬ್ಬರ್ ಕಡಿಯೂದಿಲ್ಲೇನು?” ಎಂದು ಶೆಡ್ಡಿನ ಕೆಲಸದಾಕೆ ಕಸ್ತೂರಿ ಕೇಳಿದ್ದು ನನಗೆ ನೆನಪಿದೆ.

“ಗಟ್ಟಿ ಇದ್ದವರ ಕೂಡ ಅದರ ಜಗಳ ಅವ್ವಾ. ಮೆತ್ತಗ ಇದ್ದವರನ್ನ ಬಡದು ವಾಪಸ್ ಹೋಗತೈತಿ” ಎಂದ ಚಾಚಾ.

ಹೇಳುವುದು ಸುಲಭ. ಆ ಬಡಿತವನ್ನು ತಿಂದವರಿಗೆ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ತುಕ್ಕು ಹಿಡಿದದ್ದು ಹಬ್‌ಗೆ, ಹೊಳೆಯುವುದು ಅದರ ಗೂಡು, ಏಟು ಮಾತ್ರ ನನ್ನ ಮುಖಕ್ಕೆ. ಮರಳು ಮುಗಿದ ಮೇಲೆ ಬಣ್ಣ ನನ್ನ ಮೇಲೂ ಬೀಳುತ್ತದೆ. ಕೊನೆಗೆ ನನ್ನನ್ನು ಕಿತ್ತು ಬದಿಗೆ ಎಸೆದು ಎಲ್ಲರೂ ಒಳಗೆ ಇಣುಕುತ್ತಾರೆ. “ಭಾರಿ ಐತಿ ನೋಡ, ಕನ್ನಡಿ ಇದ್ದಾಂಗ!” ಎನ್ನುತ್ತಾರೆ. ನನ್ನ ಕಡೆ ಒಬ್ಬರೂ ನೋಡುವುದಿಲ್ಲ. ಆ ಕನ್ನಡಿ ಲಾರಿ ಹತ್ತಿ ಗೋವೆಗೋ ಸೊಲ್ಲಾಪುರಕ್ಕೋ ಹೊರಡುತ್ತದೆ. ನಾನು ಡಬ್ಬಿಯಲ್ಲಿ ಬಿದ್ದು ಮುಂದಿನ ಹಬ್‌ಗೆ ಕಾಯುತ್ತೇನೆ.

ಈಗ ಕಸ್ತೂರಿಯ ವಿಷಯಕ್ಕೆ ಬರುತ್ತೇನೆ. ಅವಳು ಹತ್ತಿರದ ಮಚ್ಛೆ ಊರಿನ ಕಡೆಯಿಂದ ಬರುತ್ತಿದ್ದಳು. ಬೆಳಿಗ್ಗೆ ಯಾರ ಯಾರದೋ ಮನೆಗಳಲ್ಲಿ ಮುಸುರೆ ತಿಕ್ಕಿ, ಆಮೇಲೆ ಶೆಡ್ಡಿಗೆ ಬಂದು ಮುಚ್ಚುವ ಕೆಲಸ ಮಾಡುತ್ತಿದ್ದಳು. ಗೂಡುಗಳಿಗೆ ಬೂಚು, ಬೋಲ್ಟಿನ ತೂತುಗಳಿಗೆ ರಬ್ಬರಿನ ಮೊಳೆ, ಅಂಚುಗಳಿಗೆ ಟೇಪು. ಬೂಚು ಹಾಕುವ ಮೊದಲು ಹಳೆ ಸೀರೆಯ ಚೂರನ್ನು ಬೆರಳಿಗೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಗೂಡಿನ ಒಳಗೋಡೆಯನ್ನು ಮೆಲ್ಲಗೆ ಸವರುವಳು. ಬೆವರಿದ ಬರಿಗೈ ತಾಗಿದರೂ ಆ ನುಣುಪಿಗೆ ತುಕ್ಕು ಬರುತ್ತದಂತೆ. ಹಸುಗೂಸಿಗೆ ಎಣ್ಣೆ ಹಚ್ಚುವವರೂ ಅಷ್ಟು ನಾಜೂಕಾಗಿ ಹಚ್ಚುವುದಿಲ್ಲ. “ಬಾರೋ ನನ್ನ ರಾಜಾ, ಎಷ್ಟು ಚಂದ ಅದಿ” ಎಂದು ಆ ಕಬ್ಬಿಣದ ಗುಂಡಿಯ ಜೊತೆ ಮಾತಾಡುವಳು. ಆಮೇಲೆ ನನ್ನನ್ನು ಎತ್ತಿ, “ನಡಿ, ಬಾಯಿ ಮುಚ್ಚು” ಎಂದು ತುರುಕುವಳು. ಅದು ರಾಜ, ನಾನು ಬಾಯಿ ಮುಚ್ಚುವವ! ನಟ್ಟು ಬಿಗಿಯುವ ಮೊದಲೇ ನನ್ನ ಹೊಟ್ಟೆ ಉಬ್ಬಿರುತ್ತಿತ್ತು.

ಆದರೂ ಡಬ್ಬಿಯಲ್ಲಿದ್ದ ಅಷ್ಟು ಬೂಚುಗಳಲ್ಲಿ ಅವಳು ಮೊದಲು ಹುಡುಕುತ್ತಿದ್ದದ್ದು ನನ್ನನ್ನೇ. ನಾನು ಒಂದು ಸಲವೂ ಮರಳಿಗೆ ದಾರಿ ಬಿಟ್ಟವನಲ್ಲ. ಆ ಹುಡುಕಾಟದ ಬೆರಳುಗಳಿಗಾಗಿ ನಾನು ಏನನ್ನಾದರೂ ಸಹಿಸುತ್ತಿದ್ದೆ.

ಒಂದು ವರ್ಷ ದಸರೆಯ ಹೊತ್ತಿಗೆ ಹೊಸ ಫ್ಯಾಕ್ಟರಿಯೊಂದರಿಂದ ಒಂದೇ ಒಂದು ಹಬ್ ಬಂತು. ಸ್ಯಾಂಪಲ್ಲು. ಅದು ಅವರ ಮನಸ್ಸಿಗೆ ಬಂದರೆ ವರ್ಷಪೂರ್ತಿ ಕೆಲಸ. ಶೆಡ್ಡಿನ ಮಾಲೀಕ ಭರಮಣ್ಣ ಅದನ್ನು ತಾನೇ ಎತ್ತಿ ಮೇಜಿನ ಮೇಲಿಟ್ಟ.

“ಕಸ್ತೂರಿ, ಇದು ಪಾಸಾತಂದ್ರ ನೀ ಕಾಯಂ ಆದಿ ಅಂತ ತಿಳಕೋ. ಆಗಲಿಲ್ಲಂದ್ರ ದೀಪಾವಳಿ ಆದಮ್ಯಾಲ ಶೆಡ್ಡಿನಾಗ ಕೆಲಸಾನ ಇರೂದಿಲ್ಲ. ನಿನ್ನ ಇಟಗೊಂಡು ಏನ್ ಮಾಡ್ಲಿ?”

“ಉಸುಕಿನ ಒಂದು ಕಾಳೂ ಒಳಗ ಹೋಗಾಕ ಬಿಡೂದಿಲ್ರಿ ಮಾಲಕ್ರ” ಎಂದಳು. ಕಾಯಂ ಆದರೆ ಮುಸುರೆ ತಿಕ್ಕುವುದು ತಪ್ಪುತ್ತದೆ ಎಂಬುದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

ಅವಳು ಹೇಳಿದಂತೆಯೇ ನಡೆಯಿತು, ಅಂದರೆ ನಾನು ನಡೆಸಿಕೊಟ್ಟೆ. ಮರಳು ಬಂದು ಬಡಿಯಿತು, ನಾನು ಕದಲಲಿಲ್ಲ. ಬಣ್ಣ ಬಂತು, ಅಂಚಿನಲ್ಲಿ ಒಂದು ಹನಿಯೂ ಒಳಗಿಳಿಯಲಿಲ್ಲ. ನನ್ನನ್ನು ಕಿತ್ತಾಗ ಗೂಡು ಹಾಗೇ ಹೊಳೆಯುತ್ತಿತ್ತು. ಭರಮಣ್ಣ “ಶಾಬಾಸ್” ಎಂದು ಗೂಡಿಗೆ ಹೇಳಿದ. ಯಥಾಪ್ರಕಾರ.

ಮರುದಿನ ಖಂಡೇನವಮಿ, ಆಯುಧಗಳಿಗೆ ಪೂಜೆ ಮಾಡುವ ದಿನ. ಶೆಡ್ಡು ತೊಳೆದು, ಕಂಪ್ರೆಸರಿಗೆ ಚೆಂಡು ಹೂವಿನ ಮಾಲೆ ಹಾಕಿ, ಮರಳಿನ ಪೈಪು, ಬಣ್ಣದ ಗನ್ನು, ಚಾಚಾನ ಲೇಥು ಎಲ್ಲಕ್ಕೂ ಪೂಜೆ. ಸುತ್ತಿಗೆಗೂ ಕುಂಕುಮ, ಕಸಬರಿಗೆಗೂ ಕುಂಕುಮ. ಬೂಚಿನ ಡಬ್ಬಿಯನ್ನು ಮಾತ್ರ ಮೂಲೆಗೆ ಸರಿಸಿದ್ದರು. ಮಣೆಯ ಮೇಲೆ ನಟ್ಟನಡುವೆ ಕೂತದ್ದು ಯಾರು? ಸ್ಯಾಂಪಲ್ ಹಬ್! ಕಸ್ತೂರಿ ವಿಭೂತಿಯ ಬಟ್ಟಲು ಹಿಡಿದು ಅದರ ಮುಂದೆ ಕೂತಳು. ಹೊರಗಿನ ಬಣ್ಣಕ್ಕೆ ಹಚ್ಚಿ ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳ ಕೈ ಒಳಗೆ ಹೋಯಿತು. ಎಣ್ಣೆಯ ಮೇಲೆ ವಿಭೂತಿ ನಿಲ್ಲಲಿಲ್ಲ, ಕುಂಕುಮ ಜಾರಿತು. ಅವಳು ಸೆರಗಿನಿಂದ ಎಣ್ಣೆಯನ್ನೆಲ್ಲ ಒರೆಸಿ ತೆಗೆದಳು. ಒದ್ದೆ ಬೆರಳಿನಿಂದ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟಳು. ಭರಮಣ್ಣ ಕಾಯಿ ಒಡೆದು ನೀರನ್ನು ಅದರ ಮೇಲೆಯೇ ಪ್ರೋಕ್ಷಿಸಿ ಕೈಮುಗಿದ.

ಡಬ್ಬಿಯಲ್ಲಿ ಕೂತು ನಾನು ಉರಿದು ಬೂದಿಯಾದೆ. ಏಟು ತಿಂದವನು ಮೂಲೆಯಲ್ಲಿ, ನೆರಳಲ್ಲಿ ಕೂತವನಿಗೆ ಮಂಗಳಾರತಿ! ನನಗೇನು ಬಂಗಾರ ಬೇಕಿತ್ತೇ? ಬೆರಳ ತುದಿಯಷ್ಟು ಕುಂಕುಮ ಸಾಕಿತ್ತು.

ಮಾರನೆಯ ದಿನ ಬನ್ನಿ ಕೊಡುವ ಹಬ್ಬ, ಅದರ ಮರುದಿನ ರವಿವಾರ. ಶೆಡ್ಡು ತೆರೆದದ್ದು ಸೋಮವಾರ. ಫ್ಯಾಕ್ಟರಿಯಿಂದ ತಪಾಸಣೆಗೆ ಶೈಲಾ ಮೇಡಂ ಬರುವ ದಿನ. ಕಸ್ತೂರಿ ಒಣಗಿದ ಹೂವು ತೆಗೆದು ಗೂಡನ್ನು ಒರೆಸಿದಳು. ವಿಭೂತಿ ಹೋಯಿತು, ಅದರ ಕೆಳಗೆ ಮೂರು ಕೆಂಪು ಗೆರೆಗಳು ಹಾಗೇ ಉಳಿದವು. ಕುಂಕುಮ ಹೋಯಿತು, ಬೊಟ್ಟು ಹೋಗಲಿಲ್ಲ. ತುಕ್ಕು! ಕಾಯಿನೀರು ಬಿದ್ದಲ್ಲೆಲ್ಲ ಸಿಡುಬಿನಂತೆ ಚುಕ್ಕೆಗಳು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರಳಿಗೆ ಬಗ್ಗದ ನನ್ನ ಕಾವಲಿನಲ್ಲಿ ಇದ್ದಾಗ ಒಂದು ಗೀರೂ ಬೀಳದ ಮಹಾರಾಜರಿಗೆ ಪೂಜೆಯೇ ಮುಳುವಾಯಿತು! ಚೆನ್ನಾಗಿಯೇ ಆಯಿತು ಎಂದುಕೊಂಡೆ. ಆಮೇಲೆ ಕಸ್ತೂರಿಯನ್ನು ನೋಡಿದೆ. ಅದೇ ಬಟ್ಟೆಯಿಂದ ಆ ಗೆರೆಗಳನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದಳು. ಅವಳ ಕಾಯಂ ಕೆಲಸ ನೆನಪಾಗಿ ನನ್ನ ಸಂತೋಷ ಅಲ್ಲಿಗೇ ಮುಗಿಯಿತು.

ಚಾಚಾ ಓಡಿ ಬಂದು ನುಣ್ಣನೆಯ ಉಜ್ಜುಕಾಗದಕ್ಕೆ ಎಣ್ಣೆ ಹಚ್ಚಿ ತಿಕ್ಕಿದ. ಕೆಂಪು ಹೋಯಿತು, ಕುಳಿ ಉಳಿಯಿತು. “ಕಬ್ಬಿಣದ ಬರಿ ಮೈಗೆ ನೀರ ಹಚ್ಚಬಾರದಂತ ನಿನಗ ಗೊತ್ತಿಲ್ಲೇನವ್ವಾ?” ಎಂದ.

“ಪೂಜಾದ ನೀರು ಅದು ಚಾಚಾ. ಅದರಿಂದ ಕೆಟ್ಟದ್ದಾಗತೈತಿ ಅಂತ ಯಾರಿಗೆ ಗೊತ್ತು?”

ಭರಮಣ್ಣನ ಮುಖ ಕಪ್ಪಿಟ್ಟಿತ್ತು. ಬಯ್ಯಬೇಕೆಂದರೆ ಕಾಯಿ ಒಡೆದವನು ಅವನೇ. “ಎಲ್ಲಾರೂ ಸುಮ್ಮನಿರ್ರಿ. ಬರೂವಾಗನ ಹಿಂಗಿತ್ತು ಅಂತ ನಾ ಹೇಳತೇನಿ” ಎಂದು ಅವನು ಹೇಳುವುದಕ್ಕೂ ಮೇಡಂ ಒಳಗೆ ಬರುವುದಕ್ಕೂ ಸರಿಹೋಯಿತು. ಮೇಡಂ ಗೂಡಿನೊಳಗೆ ಬೆಳಕು ಬಿಟ್ಟು ನೋಡಿದರು. ಉಗುರಿನಿಂದ ಗೆರೆಗಳನ್ನು ಕೆರೆದರು. ಮೂರು ಅಡ್ಡಗೆರೆ, ನಡುವೆ ಒಂದು ಬೊಟ್ಟು. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕೇ?

“ಬರೂವಾಗನ ಹಿಂಗಿತ್ರಿ ಮೇಡಂ” ಎಂದ ಭರಮಣ್ಣ.

“ಅಲ್ರಿ” ಎಂದಳು ಕಸ್ತೂರಿ. “ನಾನ ಹಚ್ಚೀನ್ರಿ. ಎಣ್ಣಿ ಮ್ಯಾಲ ನಿಲ್ಲಲಿಲ್ಲಂತ ಒರಸಿ ಹಚ್ಚೀನಿ.”

“ಹೊರಗ ಬಣ್ಣದ ಮ್ಯಾಲ ಹಚ್ಚಿದ್ರ ಆಗತಿರಲಿಲ್ಲೇನು?”

“ಹೊರಗಿನ ಬಣ್ಣ ನಾವು ಬಳದದ್ರಿ. ಒಳಗಿಂದು ಅದರ ಸ್ವಂತ ಮಾರಿ. ಹಣಿ ಅಲ್ಲೇ ಅಲ್ರಿ ಇರೂದು? ಹಬ್ಬದ ದಿನ ಬರೇ ಹಣೀಲೆ ಹೆಂಗ ಕುಂಡರಸೂದು?”

ಶೈಲಾ ಮೇಡಂ ನಗಲಿಲ್ಲ. “ಇದು ಫೇಲ್. ಅದನ್ನ ನಾ ಬದಲ್ ಮಾಡಾಕ ಬರೂದಿಲ್ಲ” ಎಂದರು. ಕಸ್ತೂರಿಯ ತಲೆ ತಗ್ಗಿತು. ಮೇಡಂ ಮತ್ತೆ ಒಳಗೆ ಬೆಳಕು ಬಿಟ್ಟರು. “ಆದ್ರ ಉಸುಕಿನ ಒಂದು ಕಾಳಿಲ್ಲ, ಬಣ್ಣದ ಒಂದು ಹನಿ ಇಲ್ಲ. ಹಿಂಗ ಮುಚ್ಚಿದ್ದು ನಾ ಬ್ಯಾರೆ ಕಡೆ ನೋಡಿಲ್ಲ. ಯಾರು ಮುಚ್ಚಿದ್ದು?”

ನನ್ನ ಜೀವಮಾನದಲ್ಲಿ ಮೊದಲ ಸಲ ಯಾರೋ ಮುಚ್ಚಿದ್ದರ ಬಗ್ಗೆ ಕೇಳಿದ್ದರು! ನಾನು ಡಬ್ಬಿಯಲ್ಲಿ ಸೆಟೆದು ಕೂತೆ.

“ನಾನ್ರಿ” ಎಂದಳು ಕಸ್ತೂರಿ.

ನೋಡಿದಿರಾ? “ನಮ್ಮ ಬೂಚು ಐತ್ರಿ ಒಂದು” ಅನ್ನಬಹುದಿತ್ತು. ಅನ್ನಲಿಲ್ಲ.

“ಮತ್ತೊಂದು ಹಬ್ ಕಳಸ್ತೇನಿ. ಅದು ಕೆಟ್ರ ಮೂರನೇದು ಬರೂದಿಲ್ಲ” ಎಂದು ಮೇಡಂ ಹೊರಟರು. ಭರಮಣ್ಣ ಸುಳ್ಳಾಡಿ ಸಿಕ್ಕಿಬಿದ್ದ ನಾಚಿಕೆಗೆ ಕಂಪ್ರೆಸರಿನ ಹಿಂದೆ ಹೋಗಿ ಏನೋ ಹುಡುಕುತ್ತಿದ್ದ.

ಎರಡನೆಯ ಹಬ್ ಬಂತು. ಕಸ್ತೂರಿ ಬೆರಳಿಗೆ ಬಟ್ಟೆ ಸುತ್ತಿ ಎಣ್ಣೆ ಹಚ್ಚಿದಳು, ನನ್ನನ್ನು ಹುಡುಕಿ ಎತ್ತಿದಳು, ನಟ್ಟು ಬಿಗಿದಳು. ಆ ದಿನ ಅವಳು ಯಾರನ್ನೂ ರಾಜಾ ಎನ್ನಲಿಲ್ಲ. ಅದು ಪಾಸಾಯಿತು. ಅವಳು ಕಾಯಂ ಆದಳು. ಮುಸುರೆ ತಿಕ್ಕುವ ಮನೆಗಳಿಗೆ ಇನ್ನು ಬರುವುದಿಲ್ಲವೆಂದು ಹೇಳಿ ಬಂದ ದಿನ ಶೆಡ್ಡಿಗೆಲ್ಲ ಪೇಢೆ ಹಂಚಿದಳು. ನನಗೆ ಕೊಡಲಿಲ್ಲ ಎಂದು ದೂರುವುದಿಲ್ಲ, ನನಗೆ ಬಾಯಿಲ್ಲ.

ಮುಂದಿನ ಖಂಡೇನವಮಿ ಬಂತು. ಮಣೆಯ ಮೇಲೆ ಮತ್ತೆ ಒಂದು ಹಬ್ ಕೂತಿತು. ಈ ಸಲ ಕಸ್ತೂರಿ ಗೂಡಿಗೆ ಎಣ್ಣೆ ಸವರಿ, ನನ್ನನ್ನು ಒಳಗೆ ಕೂಡಿಸಿ, ನಟ್ಟು ಬಿಗಿದಳು. ಮರಳಿಲ್ಲ, ಬಣ್ಣವಿಲ್ಲ, ಯಾಕೆ ಮುಚ್ಚುತ್ತಾಳೆ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ತಣ್ಣಗಿನ ಒದ್ದೆ ಬೆರಳು ನನ್ನ ಮುಖವನ್ನು ಮುಟ್ಟಿತು. ಮೂರು ಗೆರೆ. ನಡುವೆ ಕುಂಕುಮ.

“ಇದರ ಮ್ಯಾಲ ಎಷ್ಟು ನೀರ ಹಾಕ್ರಿ, ಏನೂ ಆಗೂದಿಲ್ಲ” ಎಂದಳು ಮಾಲೀಕನಿಗೆ.

ಆ ಮಾತು ನನಗೆ ಚುಚ್ಚಿತು. ಕುಂಕುಮ ನನ್ನ ಯೋಗ್ಯತೆಗೆ ಬಂದದ್ದಲ್ಲ, ನನಗೆ ಕೆಡುವಂಥದ್ದು ಏನೂ ಇಲ್ಲವೆಂದು ಬಂದದ್ದು. ಆದರೂ ಒರೆಸಿಕೊಳ್ಳುವ ಮನಸ್ಸಾಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ರಬ್ಬರು ಬಿರುಸಾಗಿ ಅಂಚು ಸೀಳಿದೆ, ನಟ್ಟು ತಿರುಗಿಸಿದರೂ ಹೊಟ್ಟೆ ಮೊದಲಿನಂತೆ ಉಬ್ಬುವುದಿಲ್ಲ. ಪೇಟೆಯಿಂದ ನೀಲಿ ಬಣ್ಣದ ಮೆತ್ತನೆಯ ಬೂಚುಗಳು ಬಂದಿವೆ. ಕಸ್ತೂರಿಯ ಬೆರಳು ಈಗ ಅವುಗಳನ್ನು ಹುಡುಕುತ್ತದೆ. ಅವುಗಳ ಮೇಲೆ ನನಗೆ ಎಷ್ಟು ಹೊಟ್ಟೆಯುರಿ ಎಂದು ಹೇಳಹೊರಟರೆ ಇನ್ನೊಂದು ಪುಸ್ತಕವೇ ಬೇಕು. ನಾನು ದೇವರ ಫೋಟೋದ ಕೆಳಗಿನ ಗೂಟದಲ್ಲಿ ನೇತಾಡುತ್ತೇನೆ. ವರ್ಷಕ್ಕೊಮ್ಮೆ, ಖಂಡೇನವಮಿಗೆ, ನನ್ನನ್ನು ಇಳಿಸಿ ಮಣೆಯ ಮೇಲಿನ ಹಬ್ಬಿನ ಗೂಡಿಗೆ ಕೂಡಿಸುತ್ತಾರೆ.

ಮರಳು ಬಂದಾಗ ಆ ಗೂಡಿನ ಬದಲು ಏಟು ನಾನು ತಿಂದೆ. ಬಣ್ಣ ಬಂದಾಗ ನಾನು ಬಳಿಸಿಕೊಂಡೆ. ಕೊನೆಗೆ ದೇವರ ಕುಂಕುಮವೂ ಅದಕ್ಕೆ ಕೇಡಾದಾಗ ಅದೂ ನನ್ನ ಹಣೆಗೇ ಬಂತು. ಜಗತ್ತಿನಲ್ಲಿ ಹೊಳೆಯುವವರ ಮುಂದೆ ಒಬ್ಬ ಕರಿಯ ಕೂರಲೇಬೇಕು ಎಂಬುದು ನಾನು ಕಲಿತ ಪಾಠ. ಅದನ್ನು ಕಲಿತೂ ನನ್ನ ಉರಿ ಆರಲಿಲ್ಲ. ಆದರೆ ಆ ಒಂದು ದಿನ ಗಂಟೆ ಬಾರಿಸುತ್ತಾರೆ, ಆರತಿ ನನ್ನ ಮುಖದ ಮುಂದೆ ಸುತ್ತುತ್ತದೆ, ಕಸ್ತೂರಿ ನನಗೆ ಕೈಮುಗಿಯುತ್ತಾಳೆ. ನನ್ನ ಬೆನ್ನ ಹಿಂದಿನ ಕತ್ತಲಲ್ಲಿ ಎಣ್ಣೆ ಹಚ್ಚಿಕೊಂಡು ಕೂತ ಆ ಚೆಲುವನಿಗೆ ಗಂಟೆಯ ಸದ್ದು ಮಾತ್ರ ಕೇಳುತ್ತದೆ, ದೀಪ ಕಾಣುವುದಿಲ್ಲ. ಉರಿದುಕೊಳ್ಳಲಿ.